ಬೆನ್ನು ಮಣ್ಣಿಗೆ ತಾಗದವನು

“ಗುರುಗಳೇ, ದಣಿವನ್ನು ಗೆಲ್ಲುವುದು ಹೇಗೆ?” ಎಂದು ಶಿಷ್ಯ ಕೇಳಿದ.

ಅವನು ಇಪ್ಪತ್ತು ದಿನ ಜ್ವರದಲ್ಲಿ ಮಲಗಿ ಎದ್ದಿದ್ದ. ಅದೇ ಕೋಣೆಯಲ್ಲಿ, ಅದೇ ಜ್ವರದಲ್ಲಿ ಇನ್ನೊಬ್ಬ ಶಿಷ್ಯನೂ ಮಲಗಿದ್ದ. ಆ ಇನ್ನೊಬ್ಬ ಒಂದು ವಾರದಿಂದ ಬೆಳಗಿನ ಪಾಠಕ್ಕೆ ಬಂದು ನೆಟ್ಟಗೆ ಕೂರುತ್ತಿದ್ದ. ಇವನು ಆ ದಿನವೂ ಪಾಠದ ನಡುವೆ ತೂಕಡಿಸಿದ್ದ.

“ದಣಿದವನು ಮಲಗಬೇಕು,” ಎಂದರು ಗುರುಗಳು.

“ಮಲಗುತ್ತೇನೆ. ಏಳುವಾಗ ಇನ್ನೂ ಹೆಚ್ಚು ದಣಿದಿರುತ್ತೇನೆ.”

ಗುರುಗಳು ಅವನ ಮುಖ ನೋಡಿದರು. “ಹಾಗಾದರೆ ಕೇಳು,” ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಎರಡು ಗರಡಿಗಳಿದ್ದವು. ಕೆಳಗಿನ ಕೇರಿಯ ಗರಡಿಯಲ್ಲಿ ಜವರಯ್ಯ ಎಂಬ ಪೈಲ್ವಾನನಿದ್ದ. ಮೇಲಿನ ಕೇರಿಯ ಗರಡಿಯಲ್ಲಿ ಮಾಯಣ್ಣ ಎಂಬ ಪೈಲ್ವಾನನಿದ್ದ. ಪ್ರಾಯದಲ್ಲಿ ಇಬ್ಬರೂ ಮೂರು ಸಲ ಎದುರುಬದುರು ನಿಂತು ಕುಸ್ತಿ ಆಡಿದ್ದರು. ಮೂರು ಸಲವೂ ಹೊತ್ತು ಮೀರಿ, ಸಮ ಎಂದು ಸಾರಿ ಇಬ್ಬರನ್ನೂ ಬಿಡಿಸಿದ್ದರು.

ಕುಸ್ತಿಯಲ್ಲಿ ಸೋಲು ಎಂದರೆ ಎರಡು ಭುಜವೂ ಬೆನ್ನೂ ಮಣ್ಣಿಗೆ ತಾಗುವುದು. ಅದಕ್ಕೆ ಚಿತ್ ಆಗುವುದು ಎನ್ನುತ್ತಾರೆ. ಜವರಯ್ಯ ಒಂದು ಸಲವೂ ಚಿತ್ ಆಗಿರಲಿಲ್ಲ. ಊರಿನಲ್ಲಿ ಅವನಿಗೆ ಹೆಸರು ಬಂದದ್ದು ಗೆದ್ದ ಕುಸ್ತಿಗಳಿಂದಲ್ಲ, ಬೆನ್ನಿಗೆ ಹತ್ತದ ಮಣ್ಣಿನಿಂದ.

ಗರಡಿಯಲ್ಲಿ ಸಾಮು ಮಾಡಿ ಸುಸ್ತಾದವರು ಅಲ್ಲೇ ಮಗ್ಗುಲಾಗಿ ಒರಗುತ್ತಿದ್ದರು. ಅಂಗಾತ ಮಲಗುತ್ತಿರಲಿಲ್ಲ. ಯಾರಾದರೂ ಮರೆತು ಅಂಗಾತವಾದರೆ ಬಾಗಿಲಲ್ಲಿ ನಿಂತವನು, “ಯಾರಣ್ಣ ಕೆಡವಿದ್ದು?” ಎಂದು ಕೂಗುತ್ತಿದ್ದ. ಎಲ್ಲರೂ ನಗುತ್ತಿದ್ದರು. ಉಳಿದವರಿಗೆ ಅದು ಗರಡಿಯೊಳಗಿನ ತಮಾಷೆ. ಜವರಯ್ಯ ಅದನ್ನು ಮನೆಗೂ ತೆಗೆದುಕೊಂಡು ಹೋದ. ಅವನ ಹೆಂಡತಿ ನಿಂಗಾಜಮ್ಮ ಮದುವೆಯಾಗಿ ನಲವತ್ತು ವರ್ಷದಲ್ಲಿ ಗಂಡ ಸೂರು ನೋಡುತ್ತಾ ಮಲಗಿದ್ದನ್ನು ಕಂಡಿರಲಿಲ್ಲ.

ದಿನಕ್ಕೆ ಸಾವಿರ ಬಸ್ಕಿ ಹೊಡೆದ ಮಂಡಿಗಳು ಅರವತ್ತು ದಾಟುವ ಹೊತ್ತಿಗೆ ಸವೆದವು. ಮೊದಲು ಮಾಯಣ್ಣನ ಬಲಮಂಡಿ ಕೈಕೊಟ್ಟು, ಅವನು ಆಸ್ಪತ್ರೆ ಸೇರಿದ. ನಾಲ್ಕು ದಿನ ಕಳೆದು ಜವರಯ್ಯನೂ ಮಂಡಿ ಹಿಡಿದುಕೊಂಡು ಅದೇ ಆಸ್ಪತ್ರೆಗೆ ಬಂದ. ಒಬ್ಬರೇ ಡಾಕ್ಟರಮ್ಮ ಇಬ್ಬರಿಗೂ ಸವೆದ ಮಂಡಿ ತೆಗೆದು ಹೊಸ ಮಂಡಿ ಕೂರಿಸಿದರು.

ಮನೆಗೆ ಕಳಿಸುವಾಗ ಡಾಕ್ಟರಮ್ಮ ಹೇಳಿದರು. “ಇನ್ನು ಎರಡು ಮೂರು ತಿಂಗಳು ತುಂಬಾ ಸುಸ್ತಾಗುತ್ತದೆ. ಏನೂ ಮಾಡದಿದ್ದರೂ ಆಗುತ್ತದೆ. ಒಳಗೆ ಮೈ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುತ್ತಿರುತ್ತದೆ, ಹೊರಗಿನ ಕೆಲಸಕ್ಕೆ ಶಕ್ತಿ ಉಳಿಯುವುದಿಲ್ಲ. ಸುಸ್ತಾದಾಗ ಹಟ ಮಾಡಬೇಡಿ. ಅಂಗಾತ ಮಲಗಿ. ಹಿಮ್ಮಡಿಯ ಕೆಳಗೆ ದಿಂಬು ಇಟ್ಟು ಕಾಲನ್ನು ಎದೆಗಿಂತ ಎತ್ತರದಲ್ಲಿಡಿ. ದಿನಕ್ಕೆ ಮೂರು ಹೊತ್ತು, ಹತ್ತು ಹತ್ತು ಸಲ ಮಂಡಿ ಮಡಿಸಿ. ಹೆಚ್ಚು ಬೇಡ.”

“ಮಾಯಣ್ಣನಿಗೂ ಇದೇ ಹೇಳಿದಿರಾ?” ಎಂದು ಜವರಯ್ಯ ಕೇಳಿದ.

“ಎಲ್ಲರಿಗೂ ಇದೇ ಹೇಳುತ್ತೇನೆ.”

ಜವರಯ್ಯನಿಗೆ ಆ ಉತ್ತರ ಹಿಡಿಸಲಿಲ್ಲ. ಆಸ್ಪತ್ರೆಯಲ್ಲಿ ಅವನನ್ನು ಅಂಗಾತವೇ ಮಲಗಿಸಿದ್ದರು. ಆಪರೇಷನ್ ಟೇಬಲ್ಲಿನ ಮೇಲಿನದನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ಆಗ ಅವನಿಗೆ ಎಚ್ಚರವಿರಲಿಲ್ಲ. ಆಮೇಲಿನ ದಿನಗಳಲ್ಲಿ ಮಂಚದ ಸುತ್ತ ಪರದೆ ಎಳೆಸಿಕೊಂಡಿದ್ದ. ಮನೆಯಲ್ಲಿ ಪರದೆ ಇರಲಿಲ್ಲ. ನೋಡಿ ಹೋಗಲು ಬರುವವರು ನೇರ ಒಳಗೆ ಬರುತ್ತಿದ್ದರು.

ನೋವು ಜವರಯ್ಯನಿಗೆ ಹಳೆಯ ಪರಿಚಯ. ಅದರ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ಅವನಿಗೆ ಗೊತ್ತಿತ್ತು. ಈ ಸುಸ್ತು ಹೊಸದು. ಹಲ್ಲುಜ್ಜಿ ಬಂದರೆ ಸುಸ್ತು. ಅಂಗಿ ತೊಟ್ಟರೆ ಗುಂಡಿ ಹಾಕುವಷ್ಟರಲ್ಲಿ ಸುಸ್ತು. ಇನ್ನೊಬ್ಬರ ಮಾತು ಕೇಳುವುದೂ ಸುಸ್ತು. ಎದುರಾಳಿಗೆ ತೋಳು ಇರುತ್ತದೆ, ಕುತ್ತಿಗೆ ಇರುತ್ತದೆ, ಎಲ್ಲಾದರೂ ಹಿಡಿಯಬಹುದು. ಇದಕ್ಕೆ ಹಿಡಿಯಲು ಏನೂ ಇರಲಿಲ್ಲ.

ಅವನು ಜಗಲಿಯ ಮೇಲೆ ಕುರ್ಚಿ ಹಾಕಿಸಿ ಬೀದಿಗೆ ಮುಖ ಮಾಡಿ ಕುಳಿತ. ಬೆಳಗಿನಿಂದ ಸಂಜೆಯವರೆಗೆ ಕುಳಿತ. ಸುಸ್ತಾದಾಗ ಅಲ್ಲೇ ಕಣ್ಣು ಮುಚ್ಚಿದ. ಕಾಲು ಕುರ್ಚಿಯಿಂದ ಕೆಳಗೆ ತೂಗುತ್ತಿತ್ತು. ಸಂಜೆಯ ಹೊತ್ತಿಗೆ ಅದು ಬಾಳೆದಿಂಡಿನಂತೆ ಊದಿಕೊಳ್ಳುತ್ತಿತ್ತು.

“ಒಳಗೆ ಬಂದು ವಸಿ ಮಲಗಿ ಅಂದ್ರೆ,” ಎನ್ನುತ್ತಿದ್ದಳು ನಿಂಗಾಜಮ್ಮ. “ಡಾಕ್ಟರಮ್ಮ ಹೇಳಿಲ್ವಾ?”

“ಹಗಲು ಹೊತ್ತಲ್ಲಿ ಚಿತ್ ಆಗು ಅಂತೀಯ.”

“ಕೆಡವೋರು ಯಾರವ್ರೆ ಇಲ್ಲಿ? ನಾನೊಬ್ಬಳೇ ತಾನೇ ಇರೋದು.”

“ನೋಡೋರು ಒಬ್ಬರಿದ್ರೂ ಸಾಕು.”

ಅವನಿಗೆ ಬೇಕಾಗಿದ್ದದ್ದು ಒಂದೇ ಸುದ್ದಿ. ಅದನ್ನು ತರುತ್ತಿದ್ದವನು ಚೆಲುವಣ್ಣ. ಚೆಲುವಣ್ಣ ಎರಡು ಕೇರಿಗೂ ಹೋಗಿ ಕ್ಷೌರ ಮಾಡುತ್ತಿದ್ದ. ಬುಧವಾರ ಮಾಯಣ್ಣನ ಗಡ್ಡ, ಗುರುವಾರ ಜವರಯ್ಯನದು. ಗುರುವಾರ ಬಂತೆಂದರೆ ಜವರಯ್ಯ ಬೆಳಿಗ್ಗೆಯೇ ಕೆನ್ನೆಗೆ ನೀರು ಹಚ್ಚಿಕೊಂಡು ಕೂರುತ್ತಿದ್ದ.

“ಮಾಯಣ್ಣ ಮೊನ್ನೆ ಗರಡಿ ಬಾಗಿಲವರೆಗೂ ಹೋಗಿ ಬಂದನಂತೆ,” ಎಂದ ಚೆಲುವಣ್ಣ, ಒಂದು ಗುರುವಾರ.

“ಕೋಲು ಹಿಡ್ಕೊಂಡೋ, ಬಿಟ್ಟೋ?”

“ಕೋಲು ಇತ್ತು.”

“ಯಾವ ಕೈಲಿ?”

“ಅಣ್ಣಾ, ಕತ್ತಿ ಕುತ್ತಿಗೆ ಮೇಲದೆ. ಅಲ್ಲಾಡಬೇಡ.”

“ಕುಂಟ್ತಾನಾ?”

“ವಸಿ.”

ಆ ‘ವಸಿ’ ಎಂಬ ಮಾತಿನಿಂದ ಜವರಯ್ಯನಿಗೆ ಮಧ್ಯಾಹ್ನದ ಊಟ ರುಚಿಸಿತು. ಮುಂದಿನ ಗುರುವಾರ ಚೆಲುವಣ್ಣ, ಮಾಯಣ್ಣ ಈಗ ಕುಂಟುತ್ತಿಲ್ಲ ಎಂದ. ಆ ದಿನ ಜವರಯ್ಯ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟ.

ಮಾಯಣ್ಣ ಹತ್ತರ ಬದಲು ಐವತ್ತು ಸಲ ಮಡಿಸುತ್ತಿರಬೇಕು ಎಂದು ಅವನಿಗೆ ತೋಚಿತು. ಅವನು ನೂರು ಸಲ ಮಡಿಸಿದ. ಗರಡಿಯಲ್ಲಿ ಅವರು ಕಲಿತದ್ದೇ ಅದು: ಉಸ್ತಾದ್ ನೂರು ಎಂದರೆ ಇನ್ನೂರು ಹೊಡೆಯಬೇಕು, ಆಗಲೇ ಮೈ ಮಾತು ಕೇಳುತ್ತದೆ. ಹೊಸ ಮಂಡಿ ಆ ಗರಡಿಯಲ್ಲಿ ಕಲಿತದ್ದಲ್ಲ. ಮಾರನೆಯ ದಿನ ಅದು ಕೆಂಡದಂತೆ ಕಾದಿತು. ಜವರಯ್ಯ ಕುರ್ಚಿಯಲ್ಲಿ ಇನ್ನಷ್ಟು ನೆಟ್ಟಗೆ ಕುಳಿತ.

ಅವನ ಗರಡಿಯ ಹುಡುಗರು ನೋಡಲು ಬಂದರು. ಅವನು ಅವರ ಜೊತೆ ಒಂದು ಗಂಟೆ ಪಟ್ಟುಗಳ ಬಗ್ಗೆ ಮಾತಾಡಿದ, ಎರಡು ಸಲ ಗಟ್ಟಿಯಾಗಿ ನಕ್ಕ. ಅವರು ಬೀದಿಯ ತಿರುವು ದಾಟಿದ ಮೇಲೆ ನಿಂಗಾಜಮ್ಮ ನೀರಿನ ಲೋಟ ತಂದುಕೊಟ್ಟಳು. ಅದನ್ನು ಎತ್ತಲು ಅವನಿಗೆ ಆಗಲಿಲ್ಲ. ಅವಳೇ ಬಾಯಿಗೆ ಹಿಡಿದಳು.

ಆರು ವಾರಕ್ಕೆ ಡಾಕ್ಟರಮ್ಮ ಮಂಡಿ ಪರೀಕ್ಷಿಸಿದರು. ಮಡಿಸಿ ನೋಡಿದರು. ಊತವನ್ನು ಬೆರಳಿನಿಂದ ಒತ್ತಿದರು. ಬೆರಳಿಟ್ಟ ಕಡೆ ಗುಳಿ ಬಿದ್ದು ಹಾಗೇ ಉಳಿಯಿತು.

“ತೊಂಬತ್ತು ಡಿಗ್ರಿಯಾದರೂ ಬಗ್ಗಬೇಕಿತ್ತು. ಅರವತ್ತೈದಕ್ಕೆ ನಿಂತಿದೆ,” ಎಂದರು. “ಊತ ಇಳಿಯದೆ ಇದು ಬಗ್ಗುವುದಿಲ್ಲ. ಇನ್ನು ಮೂರು ವಾರ ನೋಡುತ್ತೇನೆ. ಆಗಲೂ ಹೀಗೇ ಇದ್ದರೆ ಮತ್ತೆ ಅರಿವಳಿಕೆ ಕೊಟ್ಟು ಬಗ್ಗಿಸಬೇಕು. ಅದೂ ಆಗದಿದ್ದರೆ ಕಾಲು ಹೀಗೇ ಸೆಟೆದು ನಿಂತುಬಿಡುತ್ತದೆ. ಮಲಗುತ್ತಿದ್ದೀರಾ?”

“ಮಾಯಣ್ಣನದು ಎಷ್ಟು ಬಗ್ಗುತ್ತೆ?”

“ಅದನ್ನು ಅವರನ್ನೇ ಕೇಳಿ,” ಎಂದು ಡಾಕ್ಟರಮ್ಮ ಚೀಟಿ ಬರೆಯತೊಡಗಿದರು.

ಜವರಯ್ಯ ಹಾಗೇ ಮಾಡಿದ. ಮಾಯಣ್ಣನ ಮನೆಯ ಹೊಸ್ತಿಲನ್ನು ಅವನು ಮೂವತ್ತು ವರ್ಷದಿಂದ ತುಳಿದಿರಲಿಲ್ಲ. ಮರುದಿನ ಮಧ್ಯಾಹ್ನ ಆಟೋದಲ್ಲಿ ಹೊರಟ. ಕಾಲು ಸೆಟೆದು ನಿಲ್ಲುತ್ತದೆ ಎಂಬ ಮಾತು ಅವನನ್ನು ರಾತ್ರಿಯೆಲ್ಲ ಮಲಗಲು ಬಿಟ್ಟಿರಲಿಲ್ಲ. ಮಾಯಣ್ಣನದು ಸೆಟೆಯುವುದಿಲ್ಲ ಎಂಬುದು ಅದಕ್ಕಿಂತ ಹೆಚ್ಚು ಕಾಡಿತ್ತು. ಅಲ್ಲಿ ಏನೋ ಗುಟ್ಟು ಇರಬೇಕು. ಕುರಿಕಾಲಿನ ಸೂಪು ಕುಡಿಯುತ್ತಿರಬೇಕು. ಯಾರನ್ನೋ ಕರೆಸಿ ಎಣ್ಣೆ ನೀವಿಸಿಕೊಳ್ಳುತ್ತಿರಬೇಕು. ಹೇಳದೆ ಹೋದರೆ ಕಸಿದಾದರೂ ತಿಳಿಯಬೇಕು.

ಬಾಗಿಲು ತೆರೆದಿತ್ತು. ಜವರಯ್ಯ ಹೊಸ್ತಿಲ ಮೇಲೆ ಕೋಲೂರಿ ನಿಂತ.

ನಡುಮನೆಯಲ್ಲಿ, ಬೀದಿಗೆ ನೇರವಾಗಿ ಕಾಣುವಂತೆ, ಒಂದು ತಗ್ಗಿನ ಮಂಚದ ಮೇಲೆ ಮಾಯಣ್ಣ ಅಂಗಾತ ಮಲಗಿದ್ದ. ಎರಡು ಭುಜವೂ ಹಾಸಿಗೆಗೆ ತಾಗಿದ್ದವು. ಬೆನ್ನು ಪೂರ್ತಿ ತಾಗಿತ್ತು. ಹಿಮ್ಮಡಿಯ ಕೆಳಗೆ ಮೂರು ದಿಂಬು. ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಅವನ ಹೆಂಡತಿ ಸಾಕಮ್ಮ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

“ಬನ್ನಿ ಅಣ್ಣ, ಕೂತ್ಕಳಿ,” ಎಂದಳು ಸಾಕಮ್ಮ, ದನಿ ತಗ್ಗಿಸಿ. “ಈಗ ಎಬ್ಬಿಸೋ ಹಾಗಿಲ್ಲ. ಎರಡು ಗಂಟೆ ಹೊತ್ತು ಮಲಗ್ಬೇಕು.”

“ಎಷ್ಟು ದಿನದಿಂದ ಹಿಂಗೆ?”

“ಆಸ್ಪತ್ರೆಯಿಂದ ಬಂದಾಗಿಂದ. ದಿನಾ ಮೂರು ಹೊತ್ತು.”

ಜವರಯ್ಯ ಕೂರಲಿಲ್ಲ. ಕಣ್ಣು ಆ ಭುಜಗಳ ಮೇಲಿಂದ ಕೀಳಲಿಲ್ಲ. ಮೂರು ಕುಸ್ತಿಯಲ್ಲಿ, ಊರೆಲ್ಲ ಕೂಗುತ್ತಿದ್ದಾಗ, ಇದನ್ನು ನೋಡಲಿಕ್ಕೆ ಅವನು ಉಸಿರು ಬಿಗಿಹಿಡಿದು ಹೆಣಗಿದ್ದ. ಈಗ ಕೈ ಸೋಕಿಸದೆ ಸಿಕ್ಕಿತ್ತು. ಮಾಯಣ್ಣ ಚಿತ್. ಆರು ವಾರದಲ್ಲಿ ಮೊದಲ ಸಲ ಅವನಿಗೆ ಸುಸ್ತು ಮರೆತುಹೋಯಿತು. ಕೆಳಗಿನ ಕೇರಿಯವರೆಲ್ಲ ಈ ಹೊಸ್ತಿಲಲ್ಲಿ ನಿಂತಿರಬೇಕಿತ್ತು ಎನಿಸಿತು. ಆಮೇಲೆ ಕುರ್ಚಿ ಎಳೆದುಕೊಂಡು, ಆ ನೋಟ ಮುಗಿಯುವವರೆಗೂ ಕುಳಿತ.

ಮಾಯಣ್ಣ ಕಣ್ಣು ಬಿಟ್ಟ.

“ಏನ್ಲಾ ಜವರ, ಯಾವಾಗ ಬಂದೆ?”

“ನೀನು ಚಿತ್ ಆಗಿದ್ದಾಗ.”

ಮಾಯಣ್ಣ ಏಳಲಿಲ್ಲ. ಮಲಗಿದ ಕಡೆಯಿಂದಲೇ ಹೊಟ್ಟೆ ಕುಲುಕಿಸಿ ನಕ್ಕ. “ದಿನಾ ಮೂರು ಸಲ ಆಗ್ತೀನಿ. ಆಗಿ, ಏಳ್ತೀನಿ.”

“ನಾಚಿಕೆ ಆಗಲಿಲ್ವಾ?”

“ಆಯ್ತು. ಮೊದಲನೇ ದಿನ ಬಾಗಿಲು ಹಾಕಿಸಿದ್ದೆ. ವಿಪರೀತ ಸೆಕೆ. ಎರಡನೇ ದಿನ ತೆಗೆಸಿಬಿಟ್ಟೆ.”

ಹೀಗೆಂದು ಮಾಯಣ್ಣ ಎದ್ದು ಕುಳಿತ. ಕಾಲು ನೆಲಕ್ಕಿಟ್ಟ. ಮಂಚಕ್ಕೆ ಕೈ ಊರದೆ ಎದ್ದು ನಿಂತ. ಅಡುಗೆಮನೆಗೆ ಹೋಗಿ ತಾನೇ ಎರಡು ಲೋಟ ಮಜ್ಜಿಗೆ ತಂದ. ಕೂರುವಾಗ ಅವನ ಮಂಡಿ ಸಲೀಸಾಗಿ ಬಗ್ಗಿತು; ಪಾದ ಕುರ್ಚಿಯ ಅಡಿಗೆ ಹೋಗಿ ಕುಳಿತಿತು. ಜವರಯ್ಯನ ಕಾಲು ಎದುರಿಗೆ ಒನಕೆಯಂತೆ ಚಾಚಿಕೊಂಡಿತ್ತು.

ಜವರಯ್ಯನಿಗೆ ಈಗಷ್ಟೇ ಸಿಕ್ಕ ಗೆಲುವು ಬಾಯಲ್ಲಿ ಕಹಿಯಾಯಿತು. ಮಾಯಣ್ಣನ ನಡಿಗೆಯ ಸುದ್ದಿಗೆ ಹೊಟ್ಟೆ ಉರಿದಿದ್ದು ಹಳೆಯ ಮಾತು. ಈಗ ಉರಿದದ್ದು ಅವನ ನಿದ್ದೆಗೆ. ಬಾಗಿಲು ತೆರೆದಿಟ್ಟು, ಬಾಯಿ ತೆರೆದಿಟ್ಟು, ಹೋಗಿಬರುವವರ ಎದುರಿಗೆ ಹಾಗೆ ಮಲಗಬಲ್ಲವನು ಒಬ್ಬನಿದ್ದಾನೆ. ಅದು ತಾನಲ್ಲ.

“ನಿಂದು ಎಷ್ಟು ಬಗ್ಗುತ್ತೆ?” ಎಂದು ಮಾಯಣ್ಣ ಕೇಳಿದ.

“ತೊಂಬತ್ತು.”

ಮಾಯಣ್ಣ ಅವನ ಊದಿದ ಕಾಲನ್ನು ನೋಡಿದ. ತಿದ್ದಲಿಲ್ಲ. ಮಂಚದ ಕಡೆ ಕೈ ತೋರಿಸಿದ. “ಬಿಸಿಲಲ್ಲಿ ಬಂದಿದ್ದೀಯ. ಹಾಸಿಗೆ ಬೆಚ್ಚಗಿದೆ, ಒಂದು ಗಳಿಗೆ ಮಲಗು. ನಾನು ಬೇಕಾದರೆ ಜಗಲಿಗೆ ಹೋಗ್ತೀನಿ.”

ಜವರಯ್ಯನ ಮೈಯೆಲ್ಲ ಆ ಮಂಚದ ಕಡೆಗೆ ವಾಲಿತು. ಅವನು ಕೋಲು ಹಿಡಿದು ಎದ್ದ. “ನನಗೇನೂ ಸುಸ್ತಿಲ್ಲ,” ಎಂದ. ಮಜ್ಜಿಗೆ ಲೋಟ ಹಾಗೇ ಉಳಿಯಿತು.

ಮನೆಗೆ ಬಂದವನೇ ಒಳಕೋಣೆಗೆ ಹೋಗಿ ಬಾಗಿಲು ಹಾಕಿಸಿದ. ಕಿಟಕಿಯನ್ನೂ ಮುಚ್ಚಿಸಿದ. ಅಂಗಾತ ಮಲಗಿದ. ಬೆನ್ನು ಹಾಸಿಗೆಗೆ ತಾಗಿದಾಗ ಅವನ ಕಣ್ಣಲ್ಲಿ ನೀರು ಬಂತು. ನಿಂಗಾಜಮ್ಮ ಅದನ್ನು ನೋಡದವಳಂತೆ ಹಿಮ್ಮಡಿಯ ಕೆಳಗೆ ದಿಂಬು ಜೋಡಿಸಿದಳು.

“ಅವನು ಮೂರು ಇಟ್ಕೊಂಡವ್ನೆ,” ಎಂದ ಜವರಯ್ಯ. “ನನಗೆ ನಾಲ್ಕು ಇಡು.”

“ನಾಲ್ಕು ಇಟ್ರೆ ಕಾಲು ಸೂರಿಗೆ ತಗುಲ್ತದೆ.”

“ಇಡು ಅಂದೆ.”

“ಎಷ್ಟು ಹೊತ್ತು ಮಲಗ್ತೀರಿ?”

“ಅವನು ಎರಡು ಗಂಟೆ. ನಾನು ಮೂರು.”

ಅವನು ಮಾತಿಗೆ ತಪ್ಪಲಿಲ್ಲ. ದಿನಕ್ಕೆ ಮೂರು ಹೊತ್ತು ಮಲಗಿದ. ಮಂಡಿ ಮಡಿಸುವುದನ್ನು ಹತ್ತಕ್ಕೆ ಇಳಿಸಿದ. ಮಾಯಣ್ಣ ಹತ್ತೇ ಮಡಿಸುತ್ತಾನೆಂದು ಚೆಲುವಣ್ಣ ಆಣೆ ಮಾಡಿ ಹೇಳಿದ್ದ. ಊತ ಇಳಿಯಿತು. ಮೂರು ವಾರದ ಮೇಲೆ ಡಾಕ್ಟರಮ್ಮ ಮಡಿಸಿ ನೋಡಿದರು. ತೊಂಬತ್ತೈದು. ಇನ್ನು ಅರಿವಳಿಕೆ ಬೇಡ, ಕಾಲು ಉಳಿಯಿತು ಎಂದರು. ನಿಂಗಾಜಮ್ಮ ಅಲ್ಲೇ ಕೈ ಮುಗಿದಳು.

ವಿಶ್ರಾಂತಿ ಯಾಕೆ ಸಿಗುತ್ತಿದೆ ಎಂಬುದು ಮಂಡಿಗೆ ಬೇಕಿರಲಿಲ್ಲ; ಸಿಕ್ಕಿತು, ವಾಸಿಯಾಯಿತು. ಜವರಯ್ಯನ ಸುಸ್ತು ಮಾತ್ರ ಹೋಗಲಿಲ್ಲ.

ಅವನು ಮಲಗುತ್ತಿದ್ದ, ಕಣ್ಣು ಗಡಿಯಾರದ ಮೇಲಿರುತ್ತಿತ್ತು. ಈಗ ಮಾಯಣ್ಣ ಮಲಗಿರಬೇಕು. ಈಗ ಗೊರಕೆ ಶುರುವಾಗಿರಬೇಕು. ಈಗ ಎದ್ದಿರಬೇಕು. ಇನ್ನೊಂದು ಗಂಟೆ ತನ್ನದು. ಆ ಒಂದು ಗಂಟೆಯಲ್ಲಿ ಹಲ್ಲು ಕಚ್ಚಿ, ಮುಷ್ಟಿ ಬಿಗಿಹಿಡಿದು, ಸೂರು ನೋಡುತ್ತಾ ಮಲಗಿರುತ್ತಿದ್ದ. ಏಳುವಾಗ ಸಾಮು ಮಾಡಿ ಬಂದವನಂತೆ ಅಂಗಿ ಒದ್ದೆಯಾಗಿರುತ್ತಿತ್ತು.

ವರ್ಷ ಕಳೆಯುವುದರೊಳಗೆ ಮಾಯಣ್ಣ ತನ್ನ ಗರಡಿಯನ್ನು ಇನ್ನೊಬ್ಬನಿಗೆ ಒಪ್ಪಿಸಿ, ಮಗಳ ಊರಿಗೆ ಹೋಗಿ ನೆಲೆಸಿದ. ಹೊರಡುವ ಮುಂಚೆ ಜವರಯ್ಯನ ಮನೆಗೆ ಬಂದು ಹೇಳಿ ಹೋದ. ಚೆಲುವಣ್ಣನಿಗೆ ಇನ್ನು ತರಲು ಸುದ್ದಿ ಇರಲಿಲ್ಲ. ಜವರಯ್ಯನಿಗೆ ಸುದ್ದಿ ಬೇಕೂ ಆಗಿರಲಿಲ್ಲ. ಊಟವಾದೊಡನೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಮೂರು ಗಂಟೆ ಕಳೆದು ಹೊರಗೆ ಬರುತ್ತಿದ್ದ. ನಿಂಗಾಜಮ್ಮ ಕಾಫಿ ಕೊಡುತ್ತಾ, “ನಿದ್ದೆ ಬಂತಾ?” ಎಂದು ಕೇಳುತ್ತಿದ್ದಳು.

“ಅವನಿಗೆ ಬಂದಿರ್ತದೆ,” ಎನ್ನುತ್ತಿದ್ದ ಜವರಯ್ಯ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯ ಮುಂದಿನದಕ್ಕೆ ಕಾದ.

“ಮಂಡಿ ವಾಸಿಯಾಯಿತು. ಮಲಗುವುದನ್ನೂ ಕಲಿತ. ಮಾಯಣ್ಣನಂತೂ ಊರನ್ನೇ ಬಿಟ್ಟ,” ಎಂದ. “ಮತ್ತೆ ಅವನನ್ನು ಅಷ್ಟು ದಣಿಸುತ್ತಿದ್ದವರು ಯಾರು?”

“ಕುಸ್ತಿಯಲ್ಲಿ ಮೇಲೆ ಕುಳಿತವನು ಎಂದೋ ಎದ್ದು ಹೋಗಿದ್ದ, ಕೆಳಗಿದ್ದವನು ಇನ್ನೂ ಹಿಡಿತ ಬಿಟ್ಟಿರಲಿಲ್ಲ,” ಎಂದರು ಗುರುಗಳು.

ಶಿಷ್ಯ ಎದ್ದು ಕೋಣೆಗೆ ಹೋಗಿ, ಆ ಇನ್ನೊಬ್ಬನ ಹಾಸಿಗೆಯ ಕಡೆ ನೋಡದೆ ಮಲಗಿದ.